ಜರ್ಮನಿ, ಸ್ಪೇನ್ ಎರಡನ್ನೂ ಸೋಲಿಸಿದ ಜಪಾನ್ ಕೋಸ್ಟರಿಕಾಗೆ ಸೋತಿದ್ದು ಹೇಗೆ?

ತಡರಾತ್ರಿ_ಪ್ರೇಕ್ಷಕ ಕೇಳಿದ್ದು:

2022ರ ಕತಾರ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜಪಾನ್ ಆಡಿದ ನಾಲ್ಕೂ ಪಂದ್ಯಗಳನ್ನು ಈಗ ಮತ್ತೆ ಪೂರ್ತಿಯಾಗಿ ನೋಡಿದೆ. ಹೈಲೈಟ್ಸ್ ಅಲ್ಲ, ತೊಂಬತ್ತು ನಿಮಿಷವೂ. ನೋಡಿದ ಮೇಲೆ ಗೊಂದಲ ಜಾಸ್ತಿಯಾಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲ ಪಂದ್ಯದಲ್ಲಿ ಜರ್ಮನಿ ವಿರುದ್ಧ 0-1 ಹಿಂದಿದ್ದವರು 2-1ರಲ್ಲಿ ಗೆದ್ದರು. ಮೂರನೇ ಪಂದ್ಯದಲ್ಲಿ ಸ್ಪೇನ್ ವಿರುದ್ಧವೂ ಹಾಗೇ, 0-1 ಹಿಂದಿದ್ದು 2-1. ಎರಡು ಮಾಜಿ ವಿಶ್ವ ಚಾಂಪಿಯನ್ನರು ಇದ್ದ ಗುಂಪಿನಲ್ಲಿ ಜಪಾನ್ ಮೊದಲ ಸ್ಥಾನ ಪಡೆಯಿತು. ಆದರೆ ಇವೆರಡರ ನಡುವೆ ಕೋಸ್ಟರಿಕಾ ವಿರುದ್ಧ 0-1 ಸೋಲು. ಅದೇ ಕೋಸ್ಟರಿಕಾ ಅದಕ್ಕೂ ಮುಂಚೆ ಸ್ಪೇನ್ ಎದುರು 0-7ರಲ್ಲಿ ಸೋತು ಬಂದಿತ್ತು! ಗೋಲಿನತ್ತ ಸರಿಯಾಗಿ ಒಂದು ಚೆಂಡನ್ನೂ ಹೊಡೆಯದ ತಂಡ, 81ನೇ ನಿಮಿಷದಲ್ಲಿ ಕೀಶರ್ ಫುಲ್ಲರ್ ಹೊಡೆದ ಮೊದಲ ಹೊಡೆತದಲ್ಲೇ ಗೆದ್ದುಬಿಟ್ಟಿತು.

ಇದನ್ನು ಸುಮ್ನೆ ಅದೃಷ್ಟ ಅಂತ ಬಿಟ್ಟುಬಿಡಬೇಕಾ? ಅಥವಾ ಜಪಾನ್ ಆಟದಲ್ಲೇ ಏನೋ ಕೊರತೆ ಇದೆಯಾ? ಇನ್ನೊಂದು ವಿಷಯ. 2002, 2010, 2018, 2022, ನಾಲ್ಕು ಸಲ ಪ್ರೀ ಕ್ವಾರ್ಟರ್‌ಫೈನಲ್ ತಲುಪಿದ್ದಾರೆ, ನಾಲ್ಕೂ ಸಲ ಅಲ್ಲೇ ನಿಂತಿದ್ದಾರೆ. ಈ ಎರಡಕ್ಕೂ ಕಾರಣ ಒಂದೇನಾ? ಜಪಾನ್ ಆಟವನ್ನು ಹತ್ತಿರದಿಂದ ನೋಡುವವರು ಯಾರಾದರೂ ಇದ್ದರೆ ವಿವರವಾಗಿ ಹೇಳಿ.

ಎಡಗಾಲಿನ_ವಿಂಗರ್:

ಅದೃಷ್ಟ ಅಂತ ಬಿಡಬೇಡಿ. ಇದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರ ಇದೆ. ಆ ಜಪಾನ್ ತಂಡ ಚೆಂಡು ಎದುರಾಳಿಯ ಬಳಿ ಇದ್ದಾಗ ಅಪಾಯಕಾರಿ. ಚೆಂಡನ್ನು ಇವರಿಗೇ ಕೊಟ್ಟು, ಹತ್ತು ಜನ ಹಿಂದೆ ನಿಂತು, "ಈಗ ಆಡಿ ನೋಡೋಣ" ಅಂದರೆ ಇವರಿಗೆ ದಾರಿ ಸಿಗುವುದಿಲ್ಲ.

ಸ್ಪೇನ್ ಪಂದ್ಯವನ್ನೇ ತಗೊಳ್ಳಿ. ಚೆಂಡಿನ ಮೇಲೆ ಜಪಾನ್ ಹಿಡಿತ ಇದ್ದದ್ದು ಬರೀ 17.7 ಶೇಕಡಾ. ವಿಶ್ವಕಪ್‌ನಲ್ಲಿ ಗೆದ್ದ ಯಾವ ತಂಡವೂ ಇಷ್ಟು ಕಡಿಮೆ ಹೊತ್ತು ಚೆಂಡು ಇಟ್ಟುಕೊಂಡು ಗೆದ್ದ ದಾಖಲೆ ಇರಲಿಲ್ಲ. ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಆಡಿತು. ಮೊದಲಾರ್ಧ ಮುಗಿಯುವ ಹೊತ್ತಿಗೆ ಜಪಾನಿನ ಮೂವರು ಸೆಂಟರ್ ಬ್ಯಾಕ್‌ಗಳಿಗೂ (ಗೋಲಿನ ಮುಂದೆ ಮಧ್ಯದಲ್ಲಿ ಕಾಯುವವರು), ಅಂದರೆ ಇಟಾಕುರಾ, ತಾನಿಗುಚಿ, ಯೋಶಿದಾ ಮೂವರಿಗೂ ಹಳದಿ ಕಾರ್ಡ್ ಬಿದ್ದಿತ್ತು. ನೋಡಿದವರಿಗೆ ಇನ್ನೂ ಎರಡು ಗೋಲು ತಿನ್ನುತ್ತಾರೆ ಅಂತಲೇ ಅನ್ನಿಸುತ್ತಿತ್ತು.

ವಿರಾಮದಲ್ಲಿ ಕೋಚ್ ಹಾಜಿಮೆ ಮೊರಿಯಾಸು ಕುಬೊ ಮತ್ತು ನಾಗಾತೊಮೊ ಅವರನ್ನು ಹೊರಗೆ ಕೂರಿಸಿ ರಿತ್ಸು ದೋನ್ ಮತ್ತು ಕೌರು ಮಿತೋಮಾ ಅವರನ್ನು ಇಳಿಸಿದರು. ದ್ವಿತೀಯಾರ್ಧ ಶುರುವಾಗುತ್ತಿದ್ದಂತೆ ಅಷ್ಟು ಹೊತ್ತು ಹಿಂದೆ ನಿಂತಿದ್ದವರೆಲ್ಲ ಒಟ್ಟಿಗೆ ಮುಂದಕ್ಕೆ ನುಗ್ಗಿದರು. ಸ್ಪೇನ್ ಗೋಲ್‌ಕೀಪರ್ ಉನಾಯ್ ಸಿಮೋನ್ ಕಾಲಲ್ಲಿ ಚೆಂಡಿದ್ದಾಗಲೇ ಮೈಮೇಲೆ ಬಿದ್ದರು. ಪಾಸ್ ತಪ್ಪಿತು, ಜುನ್ಯಾ ಇಟೊ ತಲೆಯಿಂದ ಗೆದ್ದುಕೊಟ್ಟರು, ದೋನ್ ಎಡಗಾಲಿನಿಂದ ಹೊಡೆದರು. 48ನೇ ನಿಮಿಷ. 51ನೇ ನಿಮಿಷದಲ್ಲಿ ದೋನ್ ಬಲಗಡೆಯಿಂದ ತಳ್ಳಿದ ಚೆಂಡು ಗೆರೆ ದಾಟಿತು ಅಂತ ಎಲ್ಲರೂ ಅಂದುಕೊಂಡಾಗ ಮಿತೋಮಾ ಜಾರಿಕೊಂಡು ಹೋಗಿ ವಾಪಸ್ ತಂದರು, ಆವೊ ತನಕಾ ಒಳಗೆ ನೂಕಿದರು. ಗೆರೆಯ ಮೇಲೆ ಉಳಿದಿದ್ದು 1.88 ಮಿಲಿಮೀಟರ್ ಅಂತ ಆಮೇಲೆ ಸುದ್ದಿಯಾಯಿತು. ಎಲ್ಲರೂ ಆ ಮಿಲಿಮೀಟರ್ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಮಿತೋಮಾ ಆ ಚೆಂಡಿನ ಹಿಂದೆ ಓಡುವುದನ್ನು ನಿಲ್ಲಿಸಲಿಲ್ಲ ಅನ್ನೋದು, ಮತ್ತು ಮಿಡ್‌ಫೀಲ್ಡರ್ ಆದ ತನಕಾ ಗೋಲಿನ ಬಾಯಲ್ಲೇ ಬಂದು ನಿಂತಿದ್ದರು ಅನ್ನೋದು. ಇಬ್ಬರೂ ಕವಾಸಾಕಿಯವರು, ಒಂದೇ ಪ್ರಾಥಮಿಕ ಶಾಲೆಯಲ್ಲಿ ಓದಿದವರು.

ಜರ್ಮನಿ ಪಂದ್ಯದಲ್ಲೂ ಇದೇ ನಕ್ಷೆ. ಮೊದಲಾರ್ಧದಲ್ಲಿ ನಾಲ್ವರು ಡಿಫೆಂಡರ್‌ಗಳನ್ನಿಟ್ಟು ಆಡಿ ಪೂರ್ತಿ ಹಿಂದೆ ತಳ್ಳಿಸಿಕೊಂಡರು. ವಿರಾಮದಲ್ಲಿ ತೊಮಿಯಾಸು ಒಳಗೆ ಬಂದರು, ಹಿಂದೆ ಮೂವರ ಸಾಲಾಯಿತು. ಆಮೇಲೆ ಮಿತೋಮಾ, ಅಸಾನೊ, ದೋನ್, ಮಿನಾಮಿನೊ, ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ಆ ಹೊತ್ತಿನಲ್ಲಿ ಜರ್ಮನಿ ಎರಡನೇ ಗೋಲು ಹೊಡೆಯದಂತೆ ತಡೆದದ್ದು ಗೋಲ್‌ಕೀಪರ್ ಶುಇಚಿ ಗೊಂಡಾ. ಮೊದಲಾರ್ಧದ ಪೆನಾಲ್ಟಿ ಕೊಟ್ಟವರೂ ಅವರೇ, ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ ಸಿಕ್ಕಿದ್ದೂ ಅವರಿಗೇ. ಗೋಲು ಹೊಡೆದ ದೋನ್ ಮತ್ತು ಅಸಾನೊ ಇಬ್ಬರೂ ಬದಲಿ ಆಟಗಾರರು. ಇಬ್ಬರೂ ಆಗ ಜರ್ಮನಿಯ ಕ್ಲಬ್‌ಗಳಲ್ಲೇ ಆಡುತ್ತಿದ್ದರು, ಒಬ್ಬರು ಫ್ರೈಬುರ್ಗ್, ಇನ್ನೊಬ್ಬರು ಬೋಖುಮ್. ಎದುರಾಳಿ ಡಿಫೆಂಡರ್‌ಗಳ ಓಟ, ತಿರುವು, ಎಲ್ಲ ಇವರಿಗೆ ವಾರವಾರವೂ ನೋಡಿ ಗೊತ್ತಿತ್ತು. ಇಟಾಕುರಾ ಹಿಂದಿನಿಂದ ಹೊಡೆದ ಉದ್ದನೆಯ ಫ್ರೀ ಕಿಕ್ ಅನ್ನು ಅಸಾನೊ ಒಂದೇ ಸ್ಪರ್ಶದಲ್ಲಿ ಹಿಡಿದು, ಶ್ಲೋಟರ್‌ಬೆಕ್ ಬೆನ್ನಟ್ಟಿ ಬರುತ್ತಿದ್ದಾಗಲೇ ಗೋಲ್‌ಕೀಪರ್ ನಾಯರ್ ತಲೆಯ ಪಕ್ಕದಿಂದ ನೆಟ್‌ಗೆ ಸೇರಿಸಿದ್ದು ಆ ಟೂರ್ನಿಯ ಅತ್ಯುತ್ತಮ ಗೋಲುಗಳಲ್ಲಿ ಒಂದು ಅಂತ ನಾನು ಯಾವತ್ತೂ ಹೇಳ್ತೀನಿ.

ಈಗ ಕೋಸ್ಟರಿಕಾಗೆ ಬನ್ನಿ. ಎದುರಾಳಿ ಮುಂದೆ ಬರಲೇ ಇಲ್ಲ. ಕಸಿದುಕೊಳ್ಳಲು ಚೆಂಡಿಲ್ಲ, ಓಡಲು ಜಾಗ ಇಲ್ಲ. ಮಿತೋಮಾ 62ನೇ ನಿಮಿಷಕ್ಕೆ ಬಂದರು, ಆದರೆ ಎಡಗಡೆ ಅವರ ಹಿಂದೆ ನಿಂತ ಹಿರೊಕಿ ಇಟೊ ಪದೇಪದೇ ಚೆಂಡನ್ನು ವಾಪಸ್ ಹಿಂದಕ್ಕೇ ಕೊಡುತ್ತಿದ್ದರು. ಕೊನೆಯಲ್ಲಿ ಮಿತೋಮಾಗೆ ಚೆಂಡು ಸಿಕ್ಕ ಒಂದೆರಡು ಸಲ ಅವರು ಗೆರೆಯವರೆಗೆ ನುಗ್ಗಿಯೂ ಹೋದರು. ಅಷ್ಟು ಹೊತ್ತಿಗೆ ತಡವಾಗಿತ್ತು.

ಕಾರ್ನರ್_ಫ್ಲ್ಯಾಗ್:

ಮೇಲಿನ ಉತ್ತರದಲ್ಲಿ ಪಂದ್ಯದ ವಿವರ ಎಲ್ಲ ಸರಿ ಇದೆ, ತೀರ್ಮಾನ ಒಪ್ಪುವುದು ಕಷ್ಟ.

ಕೋಸ್ಟರಿಕಾ ಪಂದ್ಯಕ್ಕೆ ಮೊರಿಯಾಸು ಆರಂಭದ ಹನ್ನೊಂದರಲ್ಲಿ ಐದು ಬದಲಾವಣೆ ಮಾಡಿದ್ದರು. ಜರ್ಮನಿ ಗೆದ್ದ ನಾಲ್ಕೇ ದಿನಕ್ಕೆ ಆ ಪಂದ್ಯ, ಅದರ ನಾಲ್ಕು ದಿನಕ್ಕೆ ಸ್ಪೇನ್. ಆಟಗಾರರಿಗೆ ವಿಶ್ರಾಂತಿ ಕೊಡಲೇಬೇಕಿತ್ತು. ಒಟ್ಟಿಗೆ ಆಡಿ ರೂಢಿಯಿಲ್ಲದ ಮುಂಚೂಣಿ, ಮೊದಲಾರ್ಧದಲ್ಲಿ "ಡ್ರಾ ಆದರೂ ಪರವಾಗಿಲ್ಲ" ಅನ್ನುವಂಥ ನಿಧಾನದ ಆಟ. ಆಮೇಲೆ ಯೋಶಿದಾ ಒಂದು ಚೆಂಡನ್ನು ದೂರಕ್ಕೆ ಹೊಡೆದು ಕಳಿಸುವ ಬದಲು ಮೆತ್ತಗೆ ಎತ್ತಿದರು, ಅದು ಎದುರಾಳಿಗೆ ಸಿಕ್ಕಿತು, ಗೊಂಡಾ ಕೈಗೆ ತಾಗಿಯೂ ಒಳಗೆ ಹೋಯಿತು. ಒಂದು ಕೆಟ್ಟ ಕ್ಲಿಯರೆನ್ಸ್ ನೋಡಿ ಇಡೀ ತಂಡದ ಸ್ವಭಾವ ಇಂಥದ್ದು ಅಂತ ತೀರ್ಪು ಕೊಡುವುದು ನ್ಯಾಯ ಅಲ್ಲ.

ಚೆಂಡು ಇಟ್ಟುಕೊಂಡು ಆಡಲು ಜಪಾನಿಗೆ ಬರುವುದಿಲ್ಲ ಅನ್ನುವವರು 2018ರ ಬೆಲ್ಜಿಯಂ ಪಂದ್ಯ ನೋಡಬೇಕು. ರೊಸ್ತೊವ್‌ನಲ್ಲಿ ನಡೆದ ಪ್ರೀ ಕ್ವಾರ್ಟರ್‌ಫೈನಲ್. ಕೋಚ್ ಅಕಿರಾ ನಿಶಿನೊ. ಅವರು ಕೆಲಸಕ್ಕೆ ಬಂದದ್ದೇ ಟೂರ್ನಿಗೆ ಎರಡು ತಿಂಗಳು ಇರುವಾಗ, ಏಪ್ರಿಲ್‌ನಲ್ಲಿ, ಹಲಿಲ್‌ಹೋಜಿಚ್ ಅವರನ್ನು ತೆಗೆದ ಮೇಲೆ. ಆ ತಂಡ ಶಿಬಾಸಾಕಿ, ಕಗಾವಾ, ಇನುಯಿ ಕಾಲುಗಳ ನಡುವೆ ಚೆಂಡು ಓಡಿಸಿಕೊಂಡು ಬೆಲ್ಜಿಯಂಗೆ ಸರಿಸಮ ಆಡಿತು. 48ನೇ ನಿಮಿಷ ಹರಾಗುಚಿ, 52ನೇ ನಿಮಿಷ ಇನುಯಿ, 2-0. ಆ ಇನುಯಿ ಗೋಲು, ಪೆಟ್ಟಿಗೆಯ ಹೊರಗಿಂದ, ಚೆಂಡು ಒಂಚೂರೂ ತಿರುಗದೆ ಕಂಬದ ಪಕ್ಕ ಹೋಗಿ ಕೂತಿದ್ದು, ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ.

ಆಮೇಲೆ ಏನಾಯಿತು ಎಲ್ಲರಿಗೂ ಗೊತ್ತು. ವರ್ಟೋಂಘನ್ 69, ಫೆಲೈನಿ 74, ಎರಡೂ ತಲೆಯಿಂದ. 2-2 ಇದ್ದಾಗ ಹೆಚ್ಚುವರಿ ನಿಮಿಷಗಳಲ್ಲಿ ಜಪಾನಿಗೆ ಕಾರ್ನರ್ ಸಿಕ್ಕಿತು. ಹೊಂಡಾ ಹೊಡೆದರು, ಬೆಲ್ಜಿಯಂ ಗೋಲ್‌ಕೀಪರ್ ಕೋರ್ಟ್ವಾ ಹಿಡಿದು ತಕ್ಷಣ ಡಿ ಬ್ರೂಯ್ನ ಕಡೆಗೆ ಉರುಳಿಸಿದರು. ಡಿ ಬ್ರೂಯ್ನ ಅರ್ಧ ಮೈದಾನ ಓಡಿದರು, ಮ್ಯೂನಿಯೆ ಬಲದಿಂದ ಒಳಗೆ ಕೊಟ್ಟರು, ಲುಕಾಕು ಕಾಲು ಸರಿಸಿ ಬಿಟ್ಟರು, ಷಾಡ್ಲಿ ಮುಗಿಸಿದರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಲು ಕೆಲವು ಸೆಕೆಂಡು ಮಾತ್ರ ಬಾಕಿ ಇತ್ತು. ಅಂಥ ಹೊತ್ತಲ್ಲಿ ಕಾರ್ನರ್‌ಗೆ ಅಷ್ಟು ಜನ ಮುಂದೆ ಹೋಗಿದ್ದು, ಡಿ ಬ್ರೂಯ್ನ ಅವರನ್ನು ಮಧ್ಯದಲ್ಲಿ ಎಳೆದು ಬೀಳಿಸಿ ಒಂದು ಹಳದಿ ಕಾರ್ಡ್ ತಗೊಳ್ಳಲು ಯಾರೂ ಸಿಗದೇ ಹೋಗಿದ್ದು, ಇದು ನನ್ನ ಪ್ರಕಾರ ನಿಜವಾದ ಕೊರತೆ. ಚೆನ್ನಾಗಿ ಆಡುವುದು ಗೊತ್ತು. ಮುನ್ನಡೆ ಸಿಕ್ಕ ಮೇಲೆ ಆಟವನ್ನು ನಿಧಾನ ಮಾಡುವುದು, ಕೆಡಿಸುವುದು, ಕೊಲ್ಲುವುದು ಗೊತ್ತಿರಲಿಲ್ಲ.

ಎಡಗಾಲಿನ_ವಿಂಗರ್:

2018 ಒಳ್ಳೆಯ ಉದಾಹರಣೆ, ಒಪ್ತೀನಿ. ಆದರೆ ಅಲ್ಲೂ ಬೆಲ್ಜಿಯಂ ಆಡಲು ಮುಂದೆ ಬಂದಿತ್ತು, ಜಾಗ ಬಿಟ್ಟಿತ್ತು. ಹರಾಗುಚಿ ಗೋಲು ಬಂದಿದ್ದೇ ಶಿಬಾಸಾಕಿಯ ಒಂದು ಉದ್ದ ಪಾಸ್ ಡಿಫೆನ್ಸ್ ಬೆನ್ನ ಹಿಂದೆ ಬಿದ್ದಾಗ.

ನಾನು ಹೇಳುವುದಕ್ಕೆ ಸರಿಯಾದ ಪುರಾವೆ 2014. ಝಾಕೆರೋನಿ ಕೋಚ್ ಆಗಿದ್ದ ತಂಡ, ಹೊಂಡಾ, ಕಗಾವಾ, ಎಂಡೊ, ಒಕಾಜಾಕಿ ಎಲ್ಲರೂ ಇದ್ದ ತಂಡ, ಚೆಂಡು ಇಟ್ಟುಕೊಂಡು ಆಡುತ್ತೇವೆ ಅಂತ ಹೇಳಿಕೊಂಡೇ ಬ್ರೆಜಿಲ್‌ಗೆ ಹೋಗಿತ್ತು. ಗ್ರೀಸ್ ವಿರುದ್ಧ 38ನೇ ನಿಮಿಷದಲ್ಲಿ ಎದುರಾಳಿ ನಾಯಕ ಕತ್ಸುರಾನಿಸ್ ಕೆಂಪು ಕಾರ್ಡ್ ಪಡೆದು ಹೊರಹೋದರು. ಐವತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಹನ್ನೊಂದು ಜನ ಹತ್ತು ಜನರ ವಿರುದ್ಧ. ಫಲಿತಾಂಶ 0-0. ಮೊದಲ ಪಂದ್ಯ ಐವರಿ ಕೋಸ್ಟ್‌ಗೆ 1-2, ಕೊನೆಯದು ಕೊಲಂಬಿಯಾಗೆ 1-4, ಮನೆಗೆ ವಾಪಸ್. 2006ರಲ್ಲಿ ಝಿಕೊ ಕೋಚ್ ಆಗಿದ್ದಾಗಲೂ ಅಷ್ಟೆ, ನಕಾತಾ, ನಕಾಮುರಾ ಇದ್ದೂ ಒಂದೇ ಒಂದು ಅಂಕ.

ಅದೇ 2010 ನೋಡಿ. ಆಗಿನ ಕೋಚ್ ಒಕಾದಾ ಟೂರ್ನಿಗೆ ಸ್ವಲ್ಪ ಮುಂಚೆ ಎಲ್ಲ ಬದಲಿಸಿ ಹಿಂದೆ ಗಟ್ಟಿ ಮಾಡಿಕೊಂಡು ಹೊಂಡಾ ಒಬ್ಬರನ್ನೇ ಮುಂದೆ ನಿಲ್ಲಿಸಿದರು. ಕ್ಯಾಮರೂನ್ ವಿರುದ್ಧ 1-0, ಡೆನ್ಮಾರ್ಕ್ ವಿರುದ್ಧ 3-1, ಅದರಲ್ಲಿ ಎರಡು ಗೋಲು ನೇರ ಫ್ರೀ ಕಿಕ್‌ನಿಂದ. ಹಿಂದೆ ಕೂತು ಆಡಿದಾಗ ಮುಂದೆ ಹೋಗಿದ್ದಾರೆ. ಚೆಂಡು ಹಿಡಿದು ಹೋದಾಗ ಎಡವಿದ್ದಾರೆ.

ಹಳೇ_ನೀಲಿ_ಅಭಿಮಾನಿ:

ಇಬ್ಬರ ವಾದವೂ ಓದಿದೆ. ಇಬ್ಬರೂ ಕೋಚ್, ಫಾರ್ಮೇಶನ್ ಹಿಡಿದುಕೊಂಡು ಮಾತಾಡುತ್ತಿದ್ದೀರಿ. ಈ ತಂಡ ಎಲ್ಲಿಂದ ಬಂದಿದೆ ಅಂತ ನೋಡದಿದ್ದರೆ "ನಾಲ್ಕು ಸಲ ಅಲ್ಲೇ ನಿಂತರು" ಅನ್ನುವ ಮಾತು ದೂರಿನ ಹಾಗೆ ಕೇಳಿಸುತ್ತದೆ. ನನಗೆ ಅದು ದೂರಲ್ಲ, ದೊಡ್ಡ ಸಾಧನೆ.

1993ರ ಅಕ್ಟೋಬರ್ 28. ಊರು ದೋಹಾ, ಹೌದು, ಅದೇ ದೋಹಾ. 1994ರ ವಿಶ್ವಕಪ್ ಅರ್ಹತೆಯ ಕೊನೆಯ ಪಂದ್ಯ, ಎದುರಾಳಿ ಇರಾಕ್. ಜಪಾನ್ 2-1 ಮುಂದೆ. ಗೆದ್ದರೆ ಮೊದಲ ಬಾರಿಗೆ ವಿಶ್ವಕಪ್. ಹೆಚ್ಚುವರಿ ನಿಮಿಷದಲ್ಲಿ ಇರಾಕ್ ಕಾರ್ನರ್ ಅನ್ನು ಚಿಕ್ಕದಾಗಿ ತಗೊಂಡಿತು, ಚೆಂಡು ಒಳಗೆ ಬಂತು, ಜಾಫರ್ ಒಮ್ರಾನ್ ತಲೆ ಕೊಟ್ಟರು, 2-2. ದಕ್ಷಿಣ ಕೊರಿಯಾ ಮತ್ತು ಸೌದಿ ಅರೇಬಿಯಾ ಅಮೆರಿಕಕ್ಕೆ ಹೋದವು, ಜಪಾನ್ ಆಟಗಾರರು ಮೈದಾನದಲ್ಲೇ ಕುಸಿದು ಕೂತರು. ಆ ಪಂದ್ಯದಲ್ಲಿ ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದ 25 ವರ್ಷದ ಹುಡುಗ ಇದೇ ಹಾಜಿಮೆ ಮೊರಿಯಾಸು. ಸ್ಪೇನ್ ವಿರುದ್ಧದ ಪಂದ್ಯದ ಕೊನೆಯ ಕ್ಷಣಗಳಲ್ಲಿ ತನಗೆ ಆ ದಿನ ನೆನಪಾಯಿತು ಅಂತ ಅವರೇ ಹೇಳಿದ್ದಾರೆ. ಆದರೆ ಈ ಸಲ ಆಟಗಾರರು ಗೋಲಿನ ಮುಂದೆ ಗುಂಪುಗಟ್ಟಿ ಕಾಯಲಿಲ್ಲ, ಮುಂದೆ ಹೋಗಿ ಚೆಂಡಿನ ಮೇಲೆ ಒತ್ತಡ ಹಾಕುತ್ತಲೇ ಇದ್ದರು. ಕಾರ್ನರ್_ಫ್ಲ್ಯಾಗ್ ಹೇಳುವ "ಆಟ ಕೊಲ್ಲುವುದು" ಇದೇ ಅಲ್ವಾ? ಜರ್ಮನಿ ಮತ್ತು ಸ್ಪೇನ್ ವಿರುದ್ಧ ಒಂದು ಗೋಲಿನ ಮುನ್ನಡೆಯನ್ನು ಎರಡು ಸಲ ಕೊನೆಯವರೆಗೆ ಕಾಪಾಡಿದರು. 2018ಕ್ಕೆ ಗೊತ್ತಿಲ್ಲದ್ದು 2022ಕ್ಕೆ ಗೊತ್ತಾಗಿತ್ತು.

ಜಪಾನಿನ ವೃತ್ತಿಪರ ಲೀಗ್ ಆದ ಜೆ ಲೀಗ್ ಶುರುವಾಗಿದ್ದೇ 1993ರ ಮೇ ತಿಂಗಳಲ್ಲಿ, ದೋಹಾ ಪಂದ್ಯಕ್ಕೆ ಐದು ತಿಂಗಳ ಹಿಂದೆ. ಆಗ ಹತ್ತು ಕ್ಲಬ್. ಈಗ ಮೂರು ಹಂತದಲ್ಲಿ 60 ಕ್ಲಬ್. 1997ರ ನವೆಂಬರ್‌ನಲ್ಲಿ ಮಲೇಷ್ಯಾದ ಜೋಹೊರ್ ಬಹ್ರುವಿನಲ್ಲಿ ಇರಾನ್ ವಿರುದ್ಧ ಒಕಾನೊ ಹೊಡೆದ ಗೋಲ್ಡನ್ ಗೋಲಿನಿಂದ (ಹೆಚ್ಚುವರಿ ಅವಧಿಯಲ್ಲಿ ಬಿದ್ದ ಕೂಡಲೇ ಪಂದ್ಯ ಮುಗಿಸುವ ಗೋಲು) ಮೊದಲ ಸಲ ವಿಶ್ವಕಪ್ ಬಾಗಿಲು ತೆರೆಯಿತು. 1998ರಲ್ಲಿ ಫ್ರಾನ್ಸ್‌ಗೆ ಹೋದ 22 ಜನರೂ ಜೆ ಲೀಗ್‌ನಲ್ಲೇ ಆಡುವವರು. ಮೂರು ಪಂದ್ಯ, ಮೂರು ಸೋಲು, ಜಮೈಕಾ ವಿರುದ್ಧ ನಕಾಯಾಮಾ ಹೊಡೆದ ಒಂದು ಗೋಲು. 2022ರಲ್ಲಿ ಕತಾರ್‌ಗೆ ಹೋದ 26 ಜನರಲ್ಲಿ 19 ಮಂದಿ ಯುರೋಪಿನ ಕ್ಲಬ್‌ಗಳಲ್ಲಿದ್ದರು. ಎಂಟು ಮಂದಿ ಜರ್ಮನಿಯಲ್ಲೇ.

ಇದು ತಾನಾಗಿ ಆದದ್ದಲ್ಲ. ಅಲ್ಲಿ ಹುಡುಗರು ಬೆಳೆಯುವ ದಾರಿ ಒಂದೇ ಅಲ್ಲ. ಕ್ಲಬ್ ಅಕಾಡೆಮಿ ಇದೆ, ದೇಶವೇ ಕೂತು ನೋಡುವ ಹೈಸ್ಕೂಲ್ ಟೂರ್ನಿ ಇದೆ, ವಿಶ್ವವಿದ್ಯಾಲಯದ ಫುಟ್‌ಬಾಲ್ ಇದೆ. ಮಿತೋಮಾ ಕವಾಸಾಕಿ ಫ್ರಾಂತಾಲೆ ಅಕಾಡೆಮಿಯಲ್ಲಿ ಬೆಳೆದರೂ ನೇರವಾಗಿ ವೃತ್ತಿಪರ ಆಟಕ್ಕೆ ಇಳಿಯದೆ ತ್ಸುಕುಬಾ ವಿಶ್ವವಿದ್ಯಾಲಯಕ್ಕೆ ಹೋದರು. ಡ್ರಿಬ್ಲಿಂಗ್ ಬಗ್ಗೆಯೇ ಅಲ್ಲಿ ಪ್ರಬಂಧ ಬರೆದರು. ಜುನ್ಯಾ ಇಟೊ, ಮೊರಿತಾ, ತಾನಿಗುಚಿ, ನಾಗಾತೊಮೊ, ಇವರೆಲ್ಲ ಕಾಲೇಜು ದಾರಿಯಿಂದ ಬಂದವರು. ಹದಿನೆಂಟಕ್ಕೆ ಕ್ಲಬ್ ಕೈಬಿಟ್ಟರೂ ಇಪ್ಪತ್ತೆರಡಕ್ಕೆ ಇನ್ನೊಂದು ಅವಕಾಶ ಇರುತ್ತದೆ. ಎಷ್ಟೋ ದೊಡ್ಡ ಫುಟ್‌ಬಾಲ್ ದೇಶಗಳಲ್ಲಿ ಈ ಎರಡನೇ ಬಾಗಿಲು ಇಲ್ಲ. ನನಗೆ ಜಪಾನ್ ಬಗ್ಗೆ ಅತ್ಯಂತ ಗೌರವ ಇರುವುದು ಈ ವಿಷಯಕ್ಕೆ.

2005ರಲ್ಲಿ ಅವರ ಫುಟ್‌ಬಾಲ್ ಸಂಸ್ಥೆ 2050ರೊಳಗೆ ವಿಶ್ವಕಪ್ ಗೆಲ್ಲುತ್ತೇವೆ ಅಂತ ಬರೆದಿಟ್ಟಿತು. ಆ ಲೆಕ್ಕದಲ್ಲಿ ನೋಡಿದರೆ ಕೋಸ್ಟರಿಕಾ ಸೋಲು ಒಂದು ಮಧ್ಯಾಹ್ನದ ಮಾತು.

ತಡರಾತ್ರಿ_ಪ್ರೇಕ್ಷಕ:

ಎಲ್ಲರಿಗೂ ಧನ್ಯವಾದ. ದೋಹಾದ ಪಂದ್ಯದಲ್ಲಿ ಮೊರಿಯಾಸು ಆಡಿದ್ದರು ಅನ್ನೋದು ಗೊತ್ತೇ ಇರಲಿಲ್ಲ.

ಹಾಗಾದರೆ ಕ್ರೊಯೇಷಿಯಾ ಪಂದ್ಯ? ಅಲ್ಲಿ ಮೊದಲ ಗೋಲು ಹೊಡೆದದ್ದು ಜಪಾನ್, 43ನೇ ನಿಮಿಷದಲ್ಲಿ ಮಯೇದಾ. ಈ ಸಲ ಚೆಂಡೂ ಸುಮಾರಾಗಿ ಹಂಚಿಕೆಯಾಗಿತ್ತು. ಪೆರಿಸಿಚ್ ಸಮ ಮಾಡಿದ ಮೇಲೆ 120 ನಿಮಿಷ ಹಾಗೇ ಹೋಯಿತು. ಶೂಟೌಟ್‌ನಲ್ಲಿ ಮಾತ್ರ ಎಲ್ಲ ಕುಸಿಯಿತು. ಮಿನಾಮಿನೊ, ಮಿತೋಮಾ, ಯೋಶಿದಾ ಮೂವರ ಹೊಡೆತವನ್ನೂ ಕ್ರೊಯೇಷಿಯಾ ಗೋಲ್‌ಕೀಪರ್ ಲಿವಾಕೊವಿಚ್ ತಡೆದರು. ಜಪಾನಿಯರಿಗೆ ಪೆನಾಲ್ಟಿ ಒತ್ತಡ ತಡೆಯಲು ಆಗುವುದಿಲ್ಲ ಅಂತ ಒಬ್ಬರು ಕಾಮೆಂಟೇಟರ್ ಹೇಳಿದ್ದು ನೆನಪಿದೆ. ನಿಜವಾ?

ಹನ್ನೆರಡು_ಗಜ:

ಇದಕ್ಕೆ ನಾನು ಉತ್ತರ ಕೊಡ್ತೀನಿ, ಯಾಕೆಂದರೆ ಈ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಒಂದು ದೇಶದ ಜನರ ಸ್ವಭಾವವೇ ಹಾಗೆ ಅನ್ನುವುದು ಸೋಮಾರಿ ವಿವರಣೆ.

2004ರ ಏಷ್ಯಾ ಕಪ್, ಚೀನಾದ ಚೊಂಗ್‌ಚಿಂಗ್, ಜೋರ್ಡಾನ್ ವಿರುದ್ಧ ಕ್ವಾರ್ಟರ್‌ಫೈನಲ್ ಶೂಟೌಟ್. ಜಪಾನಿನ ಮೊದಲ ಇಬ್ಬರು, ನಕಾಮುರಾ ಮತ್ತು ಸಾಂತೊಸ್, ಕಾಲಿಟ್ಟ ಜಾಗದ ಹುಲ್ಲು ಕಿತ್ತು ಬಂದು ಜಾರಿ ಚೆಂಡನ್ನು ಆಚೆ ಹೊಡೆದರು. ನಾಯಕ ತ್ಸುನೆಯಾಸು ಮಿಯಾಮೊತೊ ನೇರ ರೆಫರಿ ಬಳಿ ಹೋಗಿ ಈ ಕಡೆ ನೆಲ ಸರಿ ಇಲ್ಲ, ಆ ಕಡೆಯ ಗೋಲಿಗೆ ಬದಲಿಸಿ ಅಂತ ಕೇಳಿಕೊಂಡರು. ರೆಫರಿ ಒಪ್ಪಿದರು! ಆಮೇಲೆ ಗೋಲ್‌ಕೀಪರ್ ಕವಾಗುಚಿ ಒಂದರ ಮೇಲೊಂದು ತಡೆದು ಜಪಾನ್ 4-3ರಲ್ಲಿ ಗೆದ್ದಿತು, ಕೊನೆಗೆ ಕಪ್ಪನ್ನೂ ಗೆದ್ದಿತು. ಎರಡು ಪೆನಾಲ್ಟಿ ತಪ್ಪಿದಾಗ ತಲೆ ಕೆಡಿಸಿಕೊಳ್ಳದೆ ರೆಫರಿ ಜೊತೆ ಮಾತಾಡಿ ಒಪ್ಪಿಸಿದ ಆ ಮಿಯಾಮೊತೊ 2024ರಿಂದ ಜಪಾನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ.

2007ರ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾವನ್ನು ಶೂಟೌಟ್‌ನಲ್ಲಿ ಸೋಲಿಸಿದರು. 2011ರಲ್ಲಿ ಸೆಮಿಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 3-0, ಕೊರಿಯಾಗೆ ಒಂದೂ ಹೊಡೆಯಲು ಆಗಲಿಲ್ಲ. ಅದೇ ವರ್ಷ ಮಹಿಳಾ ವಿಶ್ವಕಪ್ ಫೈನಲ್, ಫ್ರಾಂಕ್‌ಫರ್ಟ್, ಅಮೆರಿಕ ವಿರುದ್ಧ. ಎರಡು ಸಲ ಹಿಂದೆ ಬಿದ್ದು, 117ನೇ ನಿಮಿಷದಲ್ಲಿ ನಾಯಕಿ ಹೊಮಾರೆ ಸಾವಾ ಕಾರ್ನರ್‌ನಿಂದ ಸಮ ಮಾಡಿ, ಶೂಟೌಟ್‌ನಲ್ಲಿ 3-1. ಸುನಾಮಿ ಬಂದು ನಾಲ್ಕು ತಿಂಗಳಾಗಿತ್ತು. ಅದಕ್ಕಿಂತ ದೊಡ್ಡ ಒತ್ತಡ ಯಾವುದಿದೆ ಹೇಳಿ?

ಸೋತದ್ದೂ ಇದೆ. 2010ರಲ್ಲಿ ಪ್ರಿಟೋರಿಯಾದಲ್ಲಿ ಪರಗ್ವೆ ವಿರುದ್ಧ 0-0 ಆದಮೇಲೆ ಕೊಮಾನೊ ಹೊಡೆದ ಚೆಂಡು ಮೇಲಿನ ಕಂಬಕ್ಕೆ ಬಡಿಯಿತು. 2015ರ ಏಷ್ಯಾ ಕಪ್‌ನಲ್ಲಿ ಯುಎಇ ವಿರುದ್ಧ ಹೊಂಡಾ ಮತ್ತು ಕಗಾವಾ ಇಬ್ಬರೂ ತಪ್ಪಿಸಿದರು. ಎಲ್ಲ ತಂಡಗಳ ಹಾಗೆ ಕೆಲವು ಗೆದ್ದಿದ್ದಾರೆ, ಕೆಲವು ಸೋತಿದ್ದಾರೆ.

ಕ್ರೊಯೇಷಿಯಾ ವಿರುದ್ಧ ಆದದ್ದಕ್ಕೆ ಬೇರೆ ಕಾರಣ ಇದೆ. ಯಾರು ಹೊಡೆಯಬೇಕು ಅಂತ ಮೊರಿಯಾಸು ಮೊದಲೇ ಪಟ್ಟಿ ಮಾಡಿರಲಿಲ್ಲ. ಯಾರಿಗೆ ಧೈರ್ಯ ಇದೆಯೋ ಅವರೇ ಮುಂದೆ ಬನ್ನಿ ಅಂತ ಆಟಗಾರರಿಗೇ ಬಿಟ್ಟರು. ಆಟಗಾರರ ಮೇಲೆ ಇಟ್ಟ ನಂಬಿಕೆ ಅಂತ ಅದನ್ನು ನೋಡಬಹುದು, ಆದರೆ 120 ನಿಮಿಷ ಓಡಿ ಸುಸ್ತಾದವನ ತಲೆ ಮೇಲೆ ಅದು ಇನ್ನೊಂದು ಭಾರ. ಎದುರಿಗಿದ್ದದ್ದು 2018ರಲ್ಲಿ ಡೆನ್ಮಾರ್ಕ್ ಮತ್ತು ರಷ್ಯಾವನ್ನು ಶೂಟೌಟ್‌ನಲ್ಲೇ ದಾಟಿ ಫೈನಲ್‌ಗೆ ಹೋದ ತಂಡ. ಅದೇ ಕ್ರೊಯೇಷಿಯಾ ಮುಂದಿನ ಪಂದ್ಯದಲ್ಲಿ ಬ್ರೆಜಿಲನ್ನೂ ಹೀಗೇ ಮನೆಗೆ ಕಳಿಸಿತು. ಅಲ್ಲೂ ಲಿವಾಕೊವಿಚ್ ಮೊದಲ ಹೊಡೆತವನ್ನೇ ಹಿಡಿದರು. ಆಗ ಬ್ರೆಜಿಲಿಯನ್ನರ ಸ್ವಭಾವದ ಬಗ್ಗೆ ಯಾರೂ ಮಾತಾಡಲಿಲ್ಲ.

ನಾನು ಬದಲಿಸುವುದಾದರೆ ಒಂದೇ. ಯಾರು, ಯಾವ ಕ್ರಮದಲ್ಲಿ ಅಂತ ಹಿಂದಿನ ದಿನವೇ ನಿರ್ಧರಿಸಿ, ಅದೇ ಕ್ರಮದಲ್ಲಿ ಅಭ್ಯಾಸ ಮಾಡಿಸಬೇಕು.

ಕಾರ್ನರ್_ಫ್ಲ್ಯಾಗ್:

ಹನ್ನೆರಡು_ಗಜ ಹೇಳಿದ್ದು ನೂರಕ್ಕೆ ನೂರು ಒಪ್ಪಿಗೆ. ಹಳೇ_ನೀಲಿ_ಅಭಿಮಾನಿ ಹೇಳಿದ ಹಾಗೆ ಜರ್ಮನಿ, ಸ್ಪೇನ್ ವಿರುದ್ಧ ಮುನ್ನಡೆ ಕಾಪಾಡಿದ್ದನ್ನೂ ಲೆಕ್ಕಕ್ಕೆ ತಗೋಬೇಕು. ಇನ್ನೊಂದು ಸಣ್ಣ ವಿಷಯ ಸೇರಿಸ್ತೀನಿ. ಕ್ರೊಯೇಷಿಯಾ ಪಂದ್ಯಕ್ಕೆ ಇಟಾಕುರಾ ಇರಲಿಲ್ಲ, ಎರಡು ಹಳದಿ ಕಾರ್ಡ್‌ನಿಂದಾಗಿ ಅಮಾನತು. ಅದುವರೆಗಿನ ಮೂರೂ ಪಂದ್ಯದಲ್ಲಿ ಜಪಾನಿನ ಅತ್ಯುತ್ತಮ ಡಿಫೆಂಡರ್ ಅವರೇ. ಪೆರಿಸಿಚ್ ತಲೆ ಕೊಟ್ಟ ಆ ಕ್ರಾಸ್‌ಗೆ ಅವರಿದ್ದಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ.

ಎಡಗಾಲಿನ_ವಿಂಗರ್:

ಕೊನೆಯದಾಗಿ ಕೇಳಿದವರ ಮೂಲ ಪ್ರಶ್ನೆಗೆ ವಾಪಸ್ ಬರ್ತೀನಿ, ಯಾಕೆಂದರೆ ಕತಾರ್ ಆದಮೇಲೆ ನಡೆದದ್ದು ನನ್ನ ಮಾತಿಗೂ ಪುಷ್ಟಿ ಕೊಡುತ್ತದೆ, ಸ್ವಲ್ಪ ಬೇರೆ ದಿಕ್ಕನ್ನೂ ತೋರಿಸುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ವೋಲ್ಫ್ಸ್‌ಬುರ್ಗ್‌ಗೆ ಹೋಗಿ ಜರ್ಮನಿಯನ್ನು ಅದರ ನೆಲದಲ್ಲೇ 4-1ರಲ್ಲಿ ಸೋಲಿಸಿದರು. ಮರುದಿನವೇ ಜರ್ಮನಿ ಕೋಚ್ ಫ್ಲಿಕ್ ಕೆಲಸ ಹೋಯಿತು. ಅದಾಗಿ ನಾಲ್ಕು ತಿಂಗಳಿಗೆ ದೋಹಾದಲ್ಲಿ ಏಷ್ಯಾ ಕಪ್. ಎಲ್ಲರೂ ಜಪಾನೇ ಗೆಲ್ಲುತ್ತದೆ ಅಂದುಕೊಂಡಿದ್ದರು. ಗುಂಪಿನಲ್ಲಿ ಇರಾಕ್‌ಗೆ 1-2, ಐಮನ್ ಹುಸೇನ್ ಎರಡು ಹೆಡರ್. ಕ್ವಾರ್ಟರ್‌ಫೈನಲ್‌ನಲ್ಲಿ ಇರಾನ್‌ಗೆ 1-2, ಗೆಲುವಿನ ಗೋಲು 96ನೇ ನಿಮಿಷದ ಪೆನಾಲ್ಟಿಯಲ್ಲಿ. ಇರಾನ್ ದ್ವಿತೀಯಾರ್ಧ ಪೂರ್ತಿ ಉದ್ದನೆಯ ಚೆಂಡು, ಉದ್ದನೆಯ ಥ್ರೋ, ಮೈ ತಾಗಿಸಿ ಆಡುವುದು, ಇಷ್ಟೇ ಮಾಡಿತು. ಜಪಾನ್ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಏಷ್ಯಾದಲ್ಲಿ ಜಪಾನ್ ವಿರುದ್ಧ ಯಾರೂ ಮೈದಾನ ತೆರೆದು ಆಡುವುದಿಲ್ಲ. ಯುರೋಪಿನ ದೊಡ್ಡ ತಂಡಗಳು ತೆರೆದು ಆಡುತ್ತವೆ, ಅದಕ್ಕೇ ಜಪಾನಿಗೆ ಸಿಕ್ಕಿಬೀಳುತ್ತವೆ. 2025ರ ಅಕ್ಟೋಬರ್‌ನಲ್ಲಿ ಟೋಕಿಯೊದಲ್ಲಿ ಬ್ರೆಜಿಲ್ ಕೂಡ ಹಾಗೇ ಸಿಕ್ಕಿಬಿತ್ತು. 0-2ರಿಂದ 3-2, ಮಿನಾಮಿನೊ, ಕೆಯ್ತೊ ನಕಾಮುರಾ, ಉಎದಾ. ಬ್ರೆಜಿಲ್ ವಿರುದ್ಧ ಜಪಾನಿನ ಮೊದಲ ಗೆಲುವು ಅದು.

ಹಾಗಂತ ಮೊರಿಯಾಸು ಏನೂ ಮಾಡದೆ ಕೂತಿಲ್ಲ. 2026ರ ಅರ್ಹತಾ ಸುತ್ತಿನಲ್ಲಿ ಹಿಂದೆ ಮೂವರನ್ನಿಟ್ಟು ಎರಡೂ ವಿಂಗ್‌ಬ್ಯಾಕ್ (ಬದಿಯ ಗೆರೆಯುದ್ದಕ್ಕೂ ಹಿಂದೆ ಮುಂದೆ ಓಡುವ) ಜಾಗಕ್ಕೆ ಡಿಫೆಂಡರ್‌ಗಳ ಬದಲು ಮಿತೋಮಾ, ದೋನ್ ಥರದ ದಾಳಿಕೋರರನ್ನೇ ಹಾಕಿದರು. ಎದುರಾಳಿ ಹಿಂದೆ ಕೂತರೆ ಎರಡೂ ಬದಿಯಿಂದ ಅಗಲಕ್ಕೆ ಎಳೆದು ಸೀಳಬೇಕು ಅನ್ನುವ ಯೋಚನೆ. ಕೆಲಸ ಮಾಡಿತು. 2025ರ ಮಾರ್ಚ್ 20ಕ್ಕೆ ಸೈತಾಮಾದಲ್ಲಿ ಬಹರೇನ್ ವಿರುದ್ಧ 2-0, ಆತಿಥೇಯರನ್ನು ಬಿಟ್ಟರೆ ಮೊದಲು ಅರ್ಹತೆ ಪಡೆದ ತಂಡ ಜಪಾನ್.

ಕೋಸ್ಟರಿಕಾ ಪ್ರಶ್ನೆಗೆ ಉತ್ತರ ಸಿಕ್ಕಿದೆಯಾ ಅಂತ ತಿಳಿಯಲು 2026ರ ಗುಂಪು ಸಾಕು. ಅದರಲ್ಲಿ ನೆದರ್ಲೆಂಡ್ಸ್ ಇದೆ, ಟ್ಯುನೀಷಿಯಾನೂ ಇದೆ. ನೆದರ್ಲೆಂಡ್ಸ್ ಚೆಂಡು ಇಟ್ಟುಕೊಂಡು ಆಡುತ್ತದೆ, ಆ ಪಂದ್ಯದ ಬಗ್ಗೆ ನನಗೆ ಚಿಂತೆ ಕಡಿಮೆ. ಟ್ಯುನೀಷಿಯಾ ಆಫ್ರಿಕಾ ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದೆ ಬಂದಿದೆ. 2022ರ ಜೂನ್‌ನಲ್ಲಿ ಒಸಾಕಾ ಹತ್ತಿರದ ಸುಯಿತಾದಲ್ಲಿ, ಜಪಾನ್ ಅಭಿಮಾನಿಗಳ ಮುಂದೆಯೇ, 3-0ಯಲ್ಲಿ ಗೆದ್ದು ಹೋದದ್ದೂ ಇದೇ ತಂಡ. ಎಲ್ಲರೂ ನೆದರ್ಲೆಂಡ್ಸ್ ಪಂದ್ಯಕ್ಕೆ ಕಾಯುತ್ತಾರೆ, ನೀವು ಟ್ಯುನೀಷಿಯಾ ಪಂದ್ಯ ತಪ್ಪಿಸಬೇಡಿ.